ಎರಡು ಬೆರಳು ಕಡಿಮೆಯಾದ ಬಾಟಲಿ

ಬಂಕಿನಕ್ಕ ಪ್ರಯೋಗಾಲಯದ ಗೇಟು ದಾಟಿ ಒಳಗೆ ಬಂದಾಗ ಸಾರಥಿ ವ್ಯಾನಿನ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ. ಅವಳು ಎದೆಗೆ ಅವಚಿಕೊಂಡಿದ್ದ ಬಟ್ಟೆಯ ಗಂಟನ್ನು ದೂರದಿಂದ ನೋಡಿ, ಯಾರದೋ ಕೂಸಿಗೆ ಮೈ ಹುಷಾರಿಲ್ಲವೇನೋ, ಆಸ್ಪತ್ರೆಯೆಂದು ತಿಳಿದು ಇಲ್ಲಿಗೆ ಬಂದುಬಿಟ್ಟಳೇನೋ ಅಂದುಕೊಂಡ. ಹತ್ತಿರ ಬಂದ ಮೇಲೆ ವಾಸನೆ ಬಡಿಯಿತು. ಗಂಟಿನಲ್ಲಿದ್ದದ್ದು ಪೆಟ್ರೋಲಿನ ಬಾಟಲಿ.

"ತಮ್ಮಾ, ದೊಡ್ಡಮ್ಮ ಬಂದಿದಾರಾ?"

"ಈಗ ತಾನೇ ಬಸ್ಸಿಳಿದು ಬಂದ್ರು. ಯಾಕಕ್ಕ, ಮುಖ ಹೀಗಾಗಿದೆ?"

"ಸಂಜೆ ನನ್ನ ಬಂಕಿಗೆ ಬೀಗ ಹಾಕ್ತಾರಂತೆ. ಬೆಳಿಗ್ಗೆ ನಾನೇ ನನ್ನ ಅಳಿಯನ್ನ ಮನೆಯಿಂದ ಆಚೆ ಹಾಕಿದೀನಿ. ಇನ್ನು ಮುಖ ಹೇಗಿರ್ಬೇಕು ಹೇಳು?"

ಸಾರಥಿ ಪಂಪನ್ನು ಅಲ್ಲೇ ಬಿಟ್ಟ. ಸುತ್ತಿನ ಬಂಕುಗಳಿಂದ ಪೆಟ್ರೋಲಿನ ಮಾದರಿ ತರುವುದು ಅವನ ಕೆಲಸ. ಮೊನ್ನೆ ಬೆಳಿಗ್ಗೆ ಅಕ್ಕನ ಬಂಕಿಗೆ ಹೋದವನೂ ಅವನೇ. ಪಂಪಿನಿಂದ ಎರಡು ಬಾಟಲಿಗಳನ್ನು ಕತ್ತಿನವರೆಗೆ ತುಂಬಿಸಿ, ಮುಚ್ಚಳಕ್ಕೆ ಅರಗಿನ ಮುದ್ರೆ ಒತ್ತಿ, ಒಂದನ್ನು ಅಕ್ಕನ ಕೈಗೆ ಕೊಟ್ಟು, ಇನ್ನೊಂದನ್ನು ಪ್ರಯೋಗಾಲಯಕ್ಕೆ ತಂದಿದ್ದ. ಅವತ್ತು ಚೀಟಿ ಕಟ್ಟುವ ದಾರ ಮುಗಿದುಹೋಗಿತ್ತು. ತುಂಬು ಬಸುರಿಯಾಗಿದ್ದ ಅಕ್ಕನ ಮಗಳು ಅಲ್ಲೇ ಕೂತು ಹುಟ್ಟಲಿರುವ ಮಗುವಿಗೆ ಟೊಪ್ಪಿ ಹೊಲಿಯುತ್ತಿದ್ದಳು. ಅವಳು ಹಳದಿ ರಿಬ್ಬನ್ನಿನ ಎರಡು ತುಂಡು ಕತ್ತರಿಸಿ ಕೊಟ್ಟಿದ್ದಳು. "ಪೆಟ್ರೋಲಿಗೂ ಜಡೆ ಹಾಕಿದ ಹಾಗಾಯ್ತು" ಎಂದು ಎಲ್ಲರೂ ನಕ್ಕಿದ್ದರು. ಈಗ ಗಂಟು ಬಿಚ್ಚಿದಾಗ ಬಾಟಲಿಯ ಕೊರಳಲ್ಲಿ ಆ ಹಳದಿ ರಿಬ್ಬನ್ನು ಹಾಗೇ ಇತ್ತು. ಅರಗೂ ಒಡೆದಿರಲಿಲ್ಲ.

ದೊಡ್ಡಮ್ಮ ಯಾರಿಗೂ ನಿಜವಾದ ದೊಡ್ಡಮ್ಮ ಅಲ್ಲ. ಪ್ರಯೋಗಾಲಯದ ಹಿಂದಿನ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದುಕೊಂಡು, ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಎಂಬ ಪರೀಕ್ಷಾ ಯಂತ್ರವಿರುವ ಕೋಣೆಯನ್ನು ತಮ್ಮ ಅಡುಗೆಮನೆಯಷ್ಟೇ ಒಪ್ಪವಾಗಿ ಇಟ್ಟುಕೊಂಡಿದ್ದ ಹಿರಿಯ ರಸಾಯನಶಾಸ್ತ್ರಜ್ಞೆ. ಕಳೆದುಹೋದ ಕೀಲಿಯಿಂದ ಹಿಡಿದು ಮುರಿದುಬಿದ್ದ ಸಂಬಂಧದ ತನಕ ಯಾವ ಗೋಜಲಾದರೂ ಊರಿನವರು ಅವರ ಜಗಲಿಗೇ ತರುತ್ತಿದ್ದರು. ಪತ್ತೆ ಕೆಲಸದಲ್ಲಿ ಅವರದು ತಲೆ, ಸಾರಥಿಯದು ವ್ಯಾನು. ಹಾಗೆಂದು ಸಾರಥಿಯೇ ಹೇಳಿಕೊಂಡು ತಿರುಗುತ್ತಿದ್ದ. ತಂಗಿಯ ಕಣ್ಣಿನ ಆಪರೇಷನ್ನಿಗೆಂದು ಹೋಗಿದ್ದ ದೊಡ್ಡಮ್ಮ ಊರಲ್ಲಿರಲಿಲ್ಲ. ಅನಾಹುತವೆಲ್ಲ ಆ ನಡುವೆಯೇ ಆಗಿತ್ತು.

"ಅಳುವುದು ಆಮೇಲೆ. ಮೊದಲು ಹೇಳು" ಎಂದರು ದೊಡ್ಡಮ್ಮ, ಚೀಲವನ್ನು ಕೆಳಗಿಡದೆಯೇ.

"ನನ್ನ ಪೆಟ್ರೋಲಲ್ಲಿ ಅದೇನೋ ಆರೊಮ್ಯಾಟಿಕ್ ಜಾಸ್ತಿ ಇದೆಯಂತೆ ದೊಡ್ಡಮ್ಮ. ನೂರಕ್ಕೆ ಮೂವತ್ತೈದರ ಮೇಲೆ ಇರಬಾರದು, ನಂದು ಮೂವತ್ತೆಂಟು ಅಂತೆ. ಥಿನ್ನರ್ ಬೆರೆಸಿದೀಯ ಅಂತಾರೆ ಸಾಹೇಬ್ರು. ನಾನು ಬೆರೆಸಿಲ್ಲ. ಹಾಗಾದ್ರೆ ಟ್ಯಾಂಕರ್ ತರೋನು ಬೆರೆಸಿರಬೇಕು. ಟ್ಯಾಂಕರ್ ತರೋನು ಯಾರು? ನನ್ನ ಅಳಿಯ! ಹೋಗಿ ಅವನ ಕ್ಯಾಬಿನ್ ಜಾಲಾಡಿದೆ. ಸೀಟಿನ ಕೆಳಗೆ ಥಿನ್ನರ್ ಡಬ್ಬ! ಇದ್ಯಾಕೆ ಅಂದ್ರೆ ಬಾಯಿ ಬಿಡಲಿಲ್ಲ. ಹೊರಗಿನವನನ್ನ ಮನೆಯೊಳಗೆ ಬಿಟ್ಕೊಂಡಿದ್ದೇ ನನ್ನ ತಪ್ಪು ಅಂದೆ. ಹೊರಟೇಬಿಟ್ಟ. ಮಗಳು ಕೋಣೆ ಸೇರಿ ಬಾಗಿಲು ಹಾಕ್ಕೊಂಡಿದಾಳೆ."

"ಈ ಬಾಟಲಿ?"

"ನನ್ನ ಪಾಲಿಂದು. ಇದನ್ನ ಪರೀಕ್ಷೆ ಮಾಡಿ ಅಂತ ಸಾಹೇಬ್ರ ಕಾಲಿಗೆ ಬಿದ್ದೆ. ಅರಗು ಅಂಗಡೀಲಿ ಸಿಗುತ್ತಮ್ಮ, ನೀನು ಬೇರೆ ಪೆಟ್ರೋಲ್ ತುಂಬಿ ತಂದಿದ್ರೆ ಅಂದ್ರು."

ದೊಡ್ಡಮ್ಮ ಚೀಲವನ್ನು ಸಾರಥಿಯ ಕೈಗೆ ಕೊಟ್ಟು ನೇರವಾಗಿ ಒಳಗೆ ನಡೆದರು.

ಮುಂದಿನ ಕೋಣೆಯಲ್ಲಿ ಸಾಹೇಬರು ಏಣಿಯ ಪಕ್ಕ ನಿಂತು, ಕಾವಲಜ್ಜನ ಕೈಯಲ್ಲಿ ಗೋಡೆಗೆ ಒಂದು ದೊಡ್ಡ ಚೌಕಟ್ಟು ಹಾಕಿಸುತ್ತಿದ್ದರು. ಪ್ರಯೋಗಾಲಯದ ಮುಖ್ಯಸ್ಥರು ಅವರು. ಕಟ್ಟುನಿಟ್ಟಿನ ಮನುಷ್ಯ, ಕೆಟ್ಟವರಲ್ಲ, ತಮ್ಮ ಮೂಗಿನ ಬಗ್ಗೆ ಮಾತ್ರ ಸ್ವಲ್ಪ ಅಭಿಮಾನ ಹೆಚ್ಚು. ಚೌಕಟ್ಟಿನಲ್ಲಿ ಅವರದೇ ಫೋಟೋ. ಅದರಲ್ಲಿ ಕಿಟಕಿಯ ಪಕ್ಕದ ಮೇಜಿನ ಮೇಲೆ ಅಗಲವಾದ ಗಾಜಿನ ಬೋಗುಣಿ, ಅದರ ತುಂಬ ಬಿಸಿಲಿಗೆ ಹೊಳೆಯುವ ಕಿತ್ತಳೆ ಬಣ್ಣದ ದ್ರವ, ಅದರ ಮೇಲೆ ಬಾಗಿದ ಸಾಹೇಬರು. ಹಣೆಯ ಮೇಲಿದ್ದ ನಾಲ್ಕು ಕೂದಲು ಗಾಳಿಗೆ ವೀರನ ಕೂದಲಿನಂತೆ ಹಾರುತ್ತಿದ್ದವು.

"ಬನ್ನಿ ಬನ್ನಿ, ಹೇಗಿದೆ? ವಾರ್ಷಿಕ ಸಂಚಿಕೆಯ ಮುಖಪುಟ!"

"ಚೆನ್ನಾಗಿ ಬಂದಿದೀರಿ ಸಾರ್" ಎಂದು ದೊಡ್ಡಮ್ಮ ಹತ್ತಿರ ಹೋಗಿ, ಕನ್ನಡಕ ಏರಿಸಿ, ಮೂಲೆಮೂಲೆಯನ್ನೂ ನೋಡಿದರು. "ಕೂದಲು ಹಾರ್ತಾ ಇದೆಯಲ್ಲ, ಕಿಟಕಿ ಗಾಳಿನಾ?"

"ಫ್ಯಾನು. ಫೋಟೋದವನ ಉಪಾಯ. ಜೀವಕಳೆ ಬರುತ್ತಂತೆ."

"ಬಂದಿದೆ" ಎಂದರು ದೊಡ್ಡಮ್ಮ. "ಸಾರ್, ಬಂಕಿಗೆ ಬೀಗ ಹಾಕೋ ಆದೇಶ ಯಾವಾಗ ಹೊರಡುತ್ತೆ?"

ಸಾಹೇಬರ ಮುಖ ಗಂಭೀರವಾಯಿತು. "ಸಂಜೆ. ಅದರಲ್ಲಿ ದಾಕ್ಷಿಣ್ಯ ಇಲ್ಲ. ಯಂತ್ರ ಸುಳ್ಳು ಹೇಳಲ್ಲ ಅಂತ ನನಗೆ ಹೇಳಿಕೊಟ್ಟವರು ನೀವೇ."

"ಹೌದು ಸಾರ್. ಆದರೆ ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತೆ. ಸಂಜೆ ತನಕ ನನಗೆ ಬಿಡಿ."

ಯಂತ್ರದ ಕೋಣೆಯಲ್ಲಿ ಕನ್ನಡಕ ಕಾದು ನಿಂತಿದ್ದ. ದೊಡ್ಡಮ್ಮ ಇಲ್ಲದಾಗ ಯಂತ್ರ ನಡೆಸಿದ ಕಿರಿಯ ಕೆಮಿಸ್ಟ್ ಅವನು. ದಪ್ಪ ಗಾಜಿನ ಕನ್ನಡಕದಿಂದಾಗಿ ಆ ಹೆಸರು. ಪಾಪ, ಪರೀಕ್ಷೆಯಲ್ಲಿ ನಪಾಸಾದವನ ಹಾಗೆ ಬೆವರುತ್ತಿದ್ದ.

"ದೊಡ್ಡಮ್ಮ, ಒಂದಲ್ಲ, ಎರಡು ಸಲ ಓಡಿಸಿದೆ. ಎರಡು ಸಲವೂ ಮೂವತ್ತೆಂಟು."

"ನಿನ್ನ ಮೇಲೆ ಅನುಮಾನ ಇಲ್ಲ ಕಣಪ್ಪ. ಮೊದಲಿಂದ ಹೇಳು. ಬಾಟಲಿ ಬಂದ ತಕ್ಷಣ ಏನು ಮಾಡಿದೆ?"

"ಅರಗು ಒಡೆದೆ. ಉದ್ದದ ಜಾಡಿಗೆ ಸುರಿದು ಸಾಂದ್ರತೆ ನೋಡಿದೆ. ಬಂಕಿನ ಬೋರ್ಡಲ್ಲಿ ಅವತ್ತು ಬರೆದಿದ್ದಷ್ಟೇ ಇತ್ತು, ಒಂದು ಕೂದಲೆಳೆ ವ್ಯತ್ಯಾಸ ಇರಲಿಲ್ಲ. ಒಂದು ಹನಿ ಬಿಡದೆ ವಾಪಸ್ ಬಾಟಲಿಗೆ ಸುರಿದು, ಮುಚ್ಚಿ, ಮೇಜಿನ ಮೇಲಿಟ್ಟು ಊಟಕ್ಕೆ ಹೋದೆ. ಬಂದು ನೋಡಿದ್ರೆ ಯಾರೋ ಫ್ರಿಜ್ಜಲ್ಲಿ ಇಟ್ಟಿದ್ರು, ಒಳ್ಳೇದಾಯ್ತು ಅಂದ್ಕೊಂಡೆ. ನಿನ್ನೆ ಬೆಳಿಗ್ಗೆ ಯಂತ್ರಕ್ಕೆ ಹಾಕಿದೆ."

"ಯಂತ್ರಕ್ಕೆ ಎಷ್ಟು ಹಾಕಿದೆ?"

"ಎಷ್ಟು ಅಂದ್ರೆ... ಒಂದು ಮೈಕ್ರೋಲೀಟರು. ಇರುವೆ ಅತ್ತರೂ ಅದಕ್ಕಿಂತ ಜಾಸ್ತಿ ಬರುತ್ತೆ."

ದೊಡ್ಡಮ್ಮ ಫ್ರಿಜ್ಜಿನಿಂದ ಪ್ರಯೋಗಾಲಯದ ಬಾಟಲಿಯನ್ನು ತೆಗೆದು ಬಂಕಿನಕ್ಕನ ಬಾಟಲಿಯ ಪಕ್ಕಕ್ಕಿಟ್ಟರು. ಎರಡಕ್ಕೂ ಹಳದಿ ರಿಬ್ಬನ್ನು, ಅವಳಿ ಹೆಣ್ಣುಮಕ್ಕಳ ಹಾಗೆ. ಆದರೆ ಸಾರಥಿಗೂ ಕಾಣುವಂಥ ಒಂದು ವ್ಯತ್ಯಾಸವಿತ್ತು. ಅಕ್ಕನ ಬಾಟಲಿಯಲ್ಲಿ ಪೆಟ್ರೋಲು ಕತ್ತಿನವರೆಗಿತ್ತು. ಪ್ರಯೋಗಾಲಯದ್ದರಲ್ಲಿ ಎರಡು ಬೆರಳು ಕೆಳಗಿತ್ತು.

"ಅಯ್ಯೋ, ಕದ್ದಿದಾರೆ!" ಎಂದು ಬಾಗಿಲಲ್ಲಿ ನಿಂತಿದ್ದ ಸಾಹೇಬರು ಕೂಗಿದರು. ಅವರ ಕಣ್ಣು ಕಾವಲಜ್ಜನ ಮೇಲೆ ಬಿತ್ತು. "ಅಜ್ಜಾ, ನಿಮ್ಮ ಹತ್ತಿರ ಮೊಪೆಡ್ ಇದೆ ಅಲ್ವಾ?"

ಕಾವಲಜ್ಜ ಸುತ್ತಿಗೆ ಹಿಡಿದುಕೊಂಡೇ ಒಳಗೆ ಬಂದ. "ಇದೆ ಸಾಹೇಬ್ರೇ. ಅದರ ಸೀಟಿನ ಮೇಲೆ ಈಗ ಕೋಳಿ ಕಾವಿಗೆ ಕೂತಿದೆ. ಪೆಟ್ರೋಲ್ ಹಾಕಿದ್ರೆ ಕೋಳಿಗೆ ಹಾಕ್ಬೇಕು."

ಕನ್ನಡಕ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ. ದೊಡ್ಡಮ್ಮ ನಗಲಿಲ್ಲ. ಎರಡು ಬಾಟಲಿಗಳನ್ನೂ ಬೆಳಕಿಗೆ ಹಿಡಿದು, ಮೆಲ್ಲಗೆ ಓರೆ ಮಾಡಿ, ಬಹಳ ಹೊತ್ತು ನೋಡಿದರು. ಕಡಿಮೆಯಾದ ಬಾಟಲಿಯ ಬಣ್ಣ ತುಸು ಗಾಢವಾಗಿತ್ತು.

"ಸಾರಥಿ, ನೀನು ಟ್ಯಾಂಕರ್ ನಿಲ್ಲೋ ಬಯಲಿಗೆ ಹೋಗಿ ಅಳಿಯನ್ನ ನೋಡ್ಕೊಂಡು ಬಾ. ಥಿನ್ನರ್ ಯಾಕೆ ಅಂತ ಕೇಳು. ಜಗಳ ಮಾಡ್ಬೇಡ. ನಾನು ಅಷ್ಟರಲ್ಲಿ ಎರಡೂ ಬಾಟಲಿ ಓಡಿಸ್ತೀನಿ. ಈ ಸಲ ಬೇರೆ ಥರ."

ಬಯಲಿನಲ್ಲಿ ಅಳಿಯ ತನ್ನ ಟ್ಯಾಂಕರಿನಿಂದ ಬಹು ದೂರ, ಗೋಡೆಯ ನೆರಳಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಎದುರಿಗೆ ಅರ್ಧ ಬಣ್ಣ ಬಳಿದ ಮರದ ತೊಟ್ಟಿಲು. ಸಾರಥಿಯನ್ನು ಕಂಡೊಡನೆ ಅದರ ಮೇಲೆ ಗೋಣಿ ಎಳೆದ.

"ಕಂಡಾಯ್ತು ಬಿಡಪ್ಪ" ಎಂದ ಸಾರಥಿ. "ನೀಲಿ ಚೆನ್ನಾಗಿದೆ. ಮೂಗಿನ ಮೇಲೂ ಚೆನ್ನಾಗಿದೆ."

ಅಳಿಯ ಮೂಗು ಒರೆಸಿಕೊಂಡ. ಬಣ್ಣ ಕೆನ್ನೆಗೂ ಹರಡಿತು. "ಅವಳಿಗೆ ಹೇಳ್ಬೇಡಿ ಅಣ್ಣಾ. ಹೆರಿಗೆ ದಿನ ತೋರಿಸ್ಬೇಕು ಅಂತಿದ್ದೆ. ಬ್ರಶ್ ತೊಳೆಯೋಕೆ ಥಿನ್ನರ್ ಇಟ್ಕೊಂಡಿದ್ದು."

"ಅತ್ತೆ ಕೇಳಿದಾಗ ಇದನ್ನ ಹೇಳೋಕೇನಾಗಿತ್ತು ನಿನಗೆ?"

"ಕೇಳಿದ್ರೆ ಹೇಳ್ತಿದ್ದೆ. ಅವರು ಕೇಳಲಿಲ್ಲ, ತೀರ್ಪು ಕೊಟ್ರು." ಅವನು ಬ್ರಶ್ ಕೆಳಗಿಟ್ಟ. "ಇನ್ನು ಆ ಮನೆ ಮೆಟ್ಟಿಲು ಹತ್ತಲ್ಲ. ಟ್ಯಾಂಕರ್ ಕೆಲಸಾನೂ ಹೋಗುತ್ತೆ. ಕಲಬೆರಕೆ ಮಾಡಿದ ಅಂತ ಹೆಸರು ಬಂದ್ರೆ ನನ್ನನ್ನ ಯಾರು ಇಟ್ಕೋತಾರೆ?"

ಸಾರಥಿ ಡಬ್ಬವನ್ನು ಎತ್ತಿ ಅಲುಗಾಡಿಸಿದ. ಹೆಚ್ಚುಕಡಿಮೆ ತುಂಬಿಯೇ ಇತ್ತು. ಇಡೀ ಟ್ಯಾಂಕಿಗೆ ಕಲಬೆರಕೆ ಮಾಡಲು ಇಂಥ ಡಬ್ಬ ಗಾಡಿ ತುಂಬ ಬೇಕಾಗುತ್ತಿತ್ತು. ಅಷ್ಟು ಲೆಕ್ಕ ಅವನಿಗೂ ಗೊತ್ತಿತ್ತು. ಆದರೆ ಮೂವತ್ತೆಂಟು ಎಲ್ಲಿಂದ ಬಂತು ಎಂಬುದು ಮಾತ್ರ ದಾರಿಯುದ್ದಕ್ಕೂ ಯೋಚಿಸಿದರೂ ಹೊಳೆಯಲಿಲ್ಲ.

ಅವನು ಹಿಂತಿರುಗುವ ಹೊತ್ತಿಗೆ ಯಂತ್ರದ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಸಾಹೇಬರಿಗೆ ಕುರ್ಚಿ, ಬಂಕಿನಕ್ಕನಿಗೆ ಸ್ಟೂಲು, ಕನ್ನಡಕ ಮತ್ತು ಕಾವಲಜ್ಜ ಗೋಡೆಗೊರಗಿ. ಸಾಹೇಬರ ತೊಡೆಯ ಮೇಲೆ ಬೀಗದ ಆದೇಶ, ಪೆನ್ನಿನ ಮುಚ್ಚಳ ತೆಗೆದೇ ಇತ್ತು. ಸಾರಥಿ ದೊಡ್ಡಮ್ಮನ ಕಿವಿಯಲ್ಲಿ ಎರಡು ಮಾತು ಹೇಳಿದ. ಅವರ ತುಟಿಯ ತುದಿ ಅರಳಿತು.

"ಥಿನ್ನರ್ ಸಂಗತಿ ನನಗೆ ಗೊತ್ತಾಯ್ತು. ಅದು ಅಳಿಯನ ಗುಟ್ಟು, ಅವನೇ ಹೇಳಲಿ. ಅದಕ್ಕೂ ಪೆಟ್ರೋಲಿಗೂ ಸಂಬಂಧ ಇಲ್ಲ. ಇಲ್ಲ ಅಂತ ಹೇಗೆ ಹೇಳ್ತೀನಿ ಅಂದ್ರೆ, ಈ ಯಂತ್ರ ಏನು ಮಾಡುತ್ತೆ ಅಂತ ಮೊದಲು ತಿಳ್ಕೋಬೇಕು. ಅಕ್ಕಾ, ಸಂಜೆ ದನ ಮನೆಗೆ ಹೇಗೆ ಬರ್ತವೆ?"

ಬಂಕಿನಕ್ಕ ತಬ್ಬಿಬ್ಬಾದಳು. "ಹೇಗೆ ಅಂದ್ರೆ? ಕರು ಮೊದಲು ಓಡಿ ಬರ್ತವೆ. ಹಸು ಆಮೇಲೆ. ಎಮ್ಮೆ ಕಡೇಲಿ."

"ಇದರೊಳಗೂ ಅಷ್ಟೇ. ಉದ್ದನೆಯ, ದಾರದಷ್ಟು ಸಣ್ಣ ಕೊಳವೆ ಸುರುಳಿ ಸುತ್ತಿಕೊಂಡಿದೆ. ಪೆಟ್ರೋಲಿನ ಹನಿಯನ್ನ ಕಾಯಿಸಿ, ಗಾಳಿಯ ಜತೆ ಅದರೊಳಗೆ ಅಟ್ತೀವಿ. ಹಗುರವಾದವು ಓಡಿ ಬರ್ತವೆ, ಭಾರದವು ನಿಧಾನಕ್ಕೆ. ಒಂದೊಂದು ಬಂದಾಗಲೂ ಪೆನ್ನು ಕಾಗದದ ಮೇಲೆ ಒಂದು ಗುಡ್ಡ ಬರೆಯುತ್ತೆ. ಬೆಂಜೀನ್, ಟಾಲ್ಯೂಯೀನ್, ಕ್ಸೈಲೀನ್, ಅದರ ಹಿಂದಿನ ಭಾರದವು, ಇವೆಲ್ಲ ಆರೊಮ್ಯಾಟಿಕ್ ಮನೆತನದವು. ಎಮ್ಮೆಗಳು ಅಂದ್ಕೊಳ್ಳಿ. ನೂರು ದನದಲ್ಲಿ ಎಮ್ಮೆ ಎಷ್ಟು ಅನ್ನೋದೇ ನಮ್ಮ ಲೆಕ್ಕ. ಅದಕ್ಕೆ ಕರುಗಳು ಅಡ್ಡ ಬರಬಾರದು ಅಂತ ಮೊದಲೇ ಪಕ್ಕದ ಬಾಗಿಲು ತೆಗೆದು ಅವನ್ನ ಆಚೆ ಬಿಟ್ಬಿಡ್ತೀವಿ. ನಮ್ಮ ಪದ್ಧತಿಯೇ ಹಾಗೆ. ಕನ್ನಡಕ ಮಾಡಿದ್ದೂ ಹಾಗೇ, ಸರಿಯಾಗೇ."

"ಹಾಗಾದ್ರೆ ಎಮ್ಮೆ ಜಾಸ್ತಿ ಇದ್ದದ್ದು ನಿಜ ತಾನೇ?" ಎಂದರು ಸಾಹೇಬರು.

"ಪಾಲು ಜಾಸ್ತಿ ಆಗಿದ್ದು ನಿಜ. ಎಮ್ಮೆ ಜಾಸ್ತಿ ಆಗಿಲ್ಲ." ದೊಡ್ಡಮ್ಮ ಎರಡು ಕಾಗದಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿದರು. ಬೆಳಕು ತೂರಿ ಎರಡೂ ಗೆರೆ ಕಂಡವು. "ಒಂದು ಅಕ್ಕನ ಬಾಟಲಿ. ಮೂವತ್ತೆರಡು ಬಂತು. ಇನ್ನೊಂದು ನಮ್ಮದು, ಮೂವತ್ತೆಂಟು. ಥಿನ್ನರ್ ಅಂದ್ರೆ ಬಹುಪಾಲು ಟಾಲ್ಯೂಯೀನ್. ಬೆರೆಸಿದ್ರೆ ಆ ಒಂದು ಗುಡ್ಡ ಮಾತ್ರ ಎದ್ದು, ಉಳಿದವು ತಗ್ಗಬೇಕಿತ್ತು. ಇಲ್ಲಿ ನೋಡಿ, ಭಾರದ ಗುಡ್ಡಗಳೆಲ್ಲ ಒಂದೇ ಪ್ರಮಾಣದಲ್ಲಿ ಎದ್ದಿವೆ. ಒಂದಕ್ಕೊಂದು ಇರೋ ಅಳತೆ ಎರಡು ಬಾಟಲೀಲೂ ಒಂದೇ, ಅಣ್ಣ ತಮ್ಮಂದಿರ ಮುಖದ ಹಾಗೆ. ಬೇರೆ ಕಡೆಯ ಪೆಟ್ರೋಲ್ ತಂದಿದ್ರೆ ಹೀಗೆ ಕೂಡಿ ಬರ್ತಿರಲಿಲ್ಲ. ಎರಡೂ ಒಂದೇ ಪಂಪಿನದು. ಹಗುರದ ಬೆಂಜೀನ್ ಮಾತ್ರ ಹೆಚ್ಚುಕಡಿಮೆ ಹಾಗೇ ಇದೆ, ಎದ್ದಿಲ್ಲ. ಯಾಕೆ?"

ಅವರು ಬೆಂಜೀನಿನ ಗುಡ್ಡದ ಮೇಲೆ ಬೆರಳಿಟ್ಟರು.

"ಯಾಕಂದ್ರೆ ಅದೂ ಸ್ವಲ್ಪ ಓಡಿಹೋಗಿದೆ. ಆಮೇಲೆ ಪಕ್ಕದ ಬಾಗಿಲು ಮುಚ್ಚಿ, ಕರುಗಳನ್ನೂ ಒಳಗೇ ಬಿಟ್ಟು ಓಡಿಸಿದೆ." ಇನ್ನೆರಡು ಕಾಗದ ಗಾಜಿಗೆ ಬಂದವು. ಅಕ್ಕನ ಬಾಟಲಿಯ ಗೆರೆಯಲ್ಲಿ ಶುರುವಿನಲ್ಲೇ ಮೊನಚಾದ ಗುಡ್ಡಗಳ ಸಾಲಿತ್ತು. ಇನ್ನೊಂದರಲ್ಲಿ ಅದೇ ಜಾಗ ಕುಯ್ದ ಗದ್ದೆಯಂತೆ ಬೋಳಾಗಿತ್ತು. "ನಮ್ಮ ಬಾಟಲಿಗೆ ಯಾರೂ ಏನೂ ಹಾಕಿಲ್ಲ ಸಾರ್. ಅದರಿಂದ ಹೋಗಿದೆ. ಹಟ್ಟಿಯಿಂದ ಕರು ತಪ್ಪಿಸಿಕೊಂಡ್ರೆ, ಒಂದು ಎಮ್ಮೆ ಕೊಳ್ಳದೇನೇ ಎಮ್ಮೆ ಪಾಲು ಜಾಸ್ತಿ ಆಗುತ್ತೆ."

"ಮತ್ತೆ ಕಳ್ಳತನ ಅಂತಾನೇ ಆಯ್ತಲ್ಲ!" ಸಾಹೇಬರು ಮತ್ತೆ ಅಜ್ಜನ ಕಡೆ ನೋಡಿದರು.

"ಕಳ್ಳ ಬಗ್ಗಿಸಿಕೊಂಡಿದ್ರೆ ಕರು ಎಮ್ಮೆ ಎರಡೂ ಹೋಗ್ತಿದ್ವು, ಪಾಲು ಬದಲಾಗ್ತಿರಲಿಲ್ಲ. ಬರೀ ಕರು ಆರಿಸಿಕೊಂಡು ಹೋಗೋ ಕಳ್ಳರು ಇಬ್ಬರೇ. ಬಿಸಿಲು, ಗಾಳಿ. ಪೆಟ್ರೋಲನ್ನ ಯಾರೋ ಬಾಯಿ ಅಗಲ ಇರೋ ಪಾತ್ರೆಗೆ ಸುರಿದು, ಬಿಸಿಲಲ್ಲಿಟ್ಟು, ಗಾಳಿ ಹಾಕಿ, ಮತ್ತೆ ಬಾಟಲಿಗೆ ತುಂಬಿದಾರೆ. ಬಂಕಲ್ಲಿ ಅಲ್ಲ. ಸಾಂದ್ರತೆ ನೋಡಿದಾಗ ಅದು ಬಂಕಿನ ಬೋರ್ಡಿಗೆ ಸರಿಯಾಗಿತ್ತು ಅಂತ ಕನ್ನಡಕ ಹೇಳಿದ. ಕರು ಹೋಗಿದ್ರೆ ಅಷ್ಟೊತ್ತಿಗೇ ಭಾರ ಆಗಿರಬೇಕಿತ್ತು. ಅಂದ್ರೆ ಅವನು ಮೇಜಿನ ಮೇಲಿಟ್ಟು ಊಟಕ್ಕೆ ಹೋದ ಮೇಲೆ, ಫ್ರಿಜ್ಜು ಸೇರೋಕೆ ಮುಂಚೆ, ಈ ಕಟ್ಟಡದ ಒಳಗೇ ಆಗಿದೆ. ಸಾರಥಿ, ಮುಂದಿನ ಕೋಣೆಯ ಫೋಟೋ ಇಳಿಸ್ಕೊಂಡು ಬಾ."

ಸಾರಥಿ ಚೌಕಟ್ಟನ್ನು ಹೊತ್ತು ತರುತ್ತ ಅದರ ಮೇಲೆ ಕಣ್ಣಾಡಿಸಿದ. ಹೆಜ್ಜೆ ಅಲ್ಲೇ ನಿಂತಿತು. ಬೋಗುಣಿಯ ಹಿಂದೆ, ಸಾಹೇಬರ ಮೊಣಕೈಯ ಮರೆಯಲ್ಲಿ, ಮುಚ್ಚಳ ತೆಗೆದ ಖಾಲಿ ಬಾಟಲಿ. ಅದರ ಕೊರಳಲ್ಲಿ ಹಳದಿ ರಿಬ್ಬನ್ನು.

"ಇದು ನಾನು ಕಟ್ಟಿದ್ದು!" ಎಂದು ಅವನು ಕೂಗಿಯೇಬಿಟ್ಟ. "ದಾರ ಮುಗಿದಿತ್ತು ಅಂತ ಆ ಬಂಕಿನ ಬಾಟಲಿಗೆ ಮಾತ್ರ ಕಟ್ಟಿದ್ದು! ಇನ್ನೊಂದು ಅಕ್ಕನ ಮನೇಲಿತ್ತು."

ಸಾಹೇಬರ ಮುಖ ಬೋಗುಣಿಯ ಪೆಟ್ರೋಲಿನ ಬಣ್ಣಕ್ಕೆ ತಿರುಗಿತು.

"ಉದ್ದದ ಜಾಡಿ ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂದ ಫೋಟೋದವನು" ಎಂದರು ಮೆಲ್ಲಗೆ. "ಮೇಜಿನ ಮೇಲೆ ಈ ಬಾಟಲಿ ಇತ್ತು. ಬಣ್ಣ ಚೆನ್ನಾಗಿತ್ತು. ಮೋಡ ಬಂತು, ಸರಿಯಲಿ ಅಂತ ಕಾದ್ವಿ. ಮತ್ತೆ ಮೋಡ ಬಂತು. ಆಮೇಲೆ ನಾನೇ ಸುರಿದು ಫ್ರಿಜ್ಜಲ್ಲಿಟ್ಟೆ. ಒಂದು ಹನಿ ಚೆಲ್ಲಲಿಲ್ಲ!"

"ಚೆಲ್ಲಲಿಲ್ಲ ಸಾರ್. ಹಾರಿತು."

"ಕುರ್ಚಿಯಲ್ಲಿ ಕೂತೂ ಕೂತೂ ಕಲಿತದ್ದೆಲ್ಲ ಮರೆತುಹೋಗಿದೆ ನನಗೆ..."

"ಮರೆತದ್ದು ಅದೊಂದೇ ಅಲ್ಲ" ಎಂದರು ದೊಡ್ಡಮ್ಮ, ಈಗ ನಿಜವಾಗಿಯೂ ಸಿಟ್ಟಾಗಿ. "ತೆರೆದ ಪೆಟ್ರೋಲಿನ ಮುಂದೆ ಫ್ಯಾನು ಹಾಕಿದೀರಲ್ಲ! ಒಂದು ಕಿಡಿ ಸಿಡಿದಿದ್ರೆ ಈ ಫೋಟೋಗೆ ಹಾರ ಹಾಕ್ತಿದ್ವಿ ನಾವು."

ಸಾಹೇಬರು ಎದ್ದರು. ಆದೇಶದ ಹಾಳೆಯನ್ನು ನಾಲ್ಕಾಗಿ ಹರಿದರು. ಮತ್ತೆ ಬಂಕಿನಕ್ಕನ ಮುಂದೆ ನಿಂತು, ಎಲ್ಲರೆದುರಿಗೇ ಕೈ ಮುಗಿದರು. "ಕಲಬೆರಕೆ ನನ್ನ ತಲೆಯಲ್ಲಿತ್ತಮ್ಮ. ನಿಮ್ಮ ಪೆಟ್ರೋಲ್ ಚಿನ್ನದಂಥದ್ದು. ಹಾಗಂತ ಬರೆದು, ನಾನೇ ತಂದು ಕೊಡ್ತೀನಿ."

"ಫೋಟೋ ಏನು ಮಾಡೋದು ಸಾಹೇಬ್ರೇ?" ಕಾವಲಜ್ಜ ಕೇಳಿದ. "ಮೊಪೆಡ್ಡಿಗೆ ಬಿಸಿಲು ಬೀಳ್ತಿದೆ, ಕೋಳಿಗೆ ಮರೆ ಆಗ್ತಿತ್ತು..."

ಸಾಹೇಬರೂ ನಕ್ಕುಬಿಟ್ಟರು. ನಗದವಳು ಬಂಕಿನಕ್ಕ ಒಬ್ಬಳೇ. ಅವಳು ಸ್ಟೂಲಿನ ಮೇಲೆ ಹಾಗೇ ಕೂತು ಸೆರಗಿನ ಅಂಚನ್ನು ಸುತ್ತುತ್ತಿದ್ದಳು.

"ಬಂಕು ಉಳೀತು ದೊಡ್ಡಮ್ಮ. ಅಳಿಯನ್ನ ಯಾವ ಯಂತ್ರಕ್ಕೆ ಹಾಕ್ಲಿ?"

"ಅದಕ್ಕೆ ಯಂತ್ರ ಇಲ್ಲ. ವ್ಯಾನಿದೆ. ಹತ್ತು."

ಬಯಲಿಗೆ ಹೋದಾಗ ಅಳಿಯ ಕ್ಯಾಬಿನ್ನಿನ ಬಾಗಿಲು ಒರೆಸುತ್ತಿದ್ದ. ಅತ್ತೆ ವ್ಯಾನಿನಿಂದ ಇಳಿದದ್ದನ್ನು ನೋಡಿಯೂ ನೋಡದವನ ಹಾಗೆ, ಇನ್ನಷ್ಟು ಜೋರಾಗಿ ಒರೆಸಿದ. ಗೋಡೆಯ ಬುಡದಲ್ಲಿ ಗೋಣಿ ಗಾಳಿಗೆ ಜಾರಿ, ತೊಟ್ಟಿಲಿನ ನೀಲಿ ಕಾಲು ಹೊರಗೆ ಕಾಣುತ್ತಿತ್ತು. ಬಂಕಿನಕ್ಕ ಅದನ್ನು ನೋಡಿದಳು, ಅಳಿಯನ ಕೆನ್ನೆ ನೋಡಿದಳು. ಯಾರೂ ಏನೂ ಹೇಳಬೇಕಾಗಲಿಲ್ಲ.

"ಟ್ಯಾಂಕರ್ ಹತ್ತಿರ ಹೊರಗಿನವರು ಬರಬಾರದು" ಎಂದ ಅಳಿಯ, ಬಟ್ಟೆ ಹಿಂಡುತ್ತ.

"ನಾನು ಹೊರಗಿನವಳಾ?"

"ಬೆಳಿಗ್ಗೆ ನೀವು ಹೇಳಿಕೊಟ್ಟ ಮಾತೇ."

ಬಂಕಿನಕ್ಕ ಟ್ಯಾಂಕರಿನ ಚಕ್ರವನ್ನೇ ದಿಟ್ಟಿಸಿದಳು. "ಬಂಕಲ್ಲಿ ಪೆಟ್ರೋಲ್ ಮುಗೀತಾ ಬಂದಿದೆ. ನಾಳೆ ಲೋಡು ತರ್ತೀಯೋ ಇಲ್ವೋ?"

"ಥಿನ್ನರ್ ಬೆರೆಸಿ ತರ್ಲೋ, ಬರೀದೇ ತರ್ಲೋ?"

ವ್ಯಾನಿನ ಕಿಟಕಿಯಿಂದ ಸಾರಥಿ ಏನೋ ಹೇಳಹೊರಟ. ದೊಡ್ಡಮ್ಮ ಅವನ ತೋಳು ಅದುಮಿ ಸುಮ್ಮನಿರಿಸಿದರು.

"ತಪ್ಪಾಯ್ತು" ಎಂದಳು ಬಂಕಿನಕ್ಕ.

"ಚಕ್ರಕ್ಕೆ ಹೇಳಿದ್ರಾ, ನನಗಾ?"

ಅವಳು ತಲೆಯೆತ್ತಿದಳು. ಕಣ್ಣು ತುಂಬಿತ್ತು, ಬಾಯಿ ಮಾತ್ರ ಹಳೆಯದೇ. "ನಿನಗೇ ಕಣೋ! ಕಿವೀಲೂ ಬಣ್ಣ ಹಾಕ್ಕೊಂಡಿದೀಯಾ? ತಪ್ಪಾಯ್ತು. ಅವಳು ಬೆಳಿಗ್ಗೆಯಿಂದ ಬಾಗಿಲು ತೆಗೆದಿಲ್ಲ. ನಾನು ಕರೆದ್ರೆ ತೆಗೆಯಲ್ಲ. ನಿನ್ನ ಹಾರನ್ ಕೇಳಿದ್ರೆ ತೆಗೀತಾಳೆ. ಬಾ."

ಅಳಿಯ ಬಟ್ಟೆಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. ಆಮೇಲೆ ಕ್ಯಾಬಿನ್ನಿನ ಎಡಬದಿಯ ಬಾಗಿಲು ತೆಗೆದ.

"ಬರ್ತೀನಿ. ಆದ್ರೆ ನೀವು ವ್ಯಾನಲ್ಲಿ ಹೋಗೋ ಹಾಗಿಲ್ಲ. ಇದರಲ್ಲೇ ಬರ್ಬೇಕು. ಅಳಿಯ ಏನು ಓಡಿಸ್ತಾನೆ, ಹೇಗೆ ಓಡಿಸ್ತಾನೆ ಒಂದು ದಿನ ನೋಡಿ."

"ಇಷ್ಟೆತ್ತರ ನಾನು ಹೇಗಪ್ಪಾ ಹತ್ತಲಿ?"

"ಬಾಯಿ ಎತ್ತರಕ್ಕೆ ಹೋಗುತ್ತಲ್ಲ, ಕಾಲೂ ಹೋಗುತ್ತೆ. ಇಲ್ಲಿ ಮೆಟ್ಟಿ."

ಅವನು ಮೇಲಿಂದ ಕೈ ಹಿಡಿದೆಳೆದ. ಸಾರಥಿ ಓಡಿಬಂದು ಹಿಂದಿನಿಂದ ಆನಿಕೊಂಡ. ದೊಡ್ಡಮ್ಮ ಕಳಚಿಬಿದ್ದ ಚಪ್ಪಲಿ ಹಿಡಿದು ನಿಂತರು. ಎರಡು ಸಲ ಜಾರಿ, ಮೂರನೆಯ ಸಲ ಬಂಕಿನಕ್ಕ ಸೀಟಿನ ಮೇಲೆ ದೊಪ್ಪನೆ ಕೂತಳು. ಅಲ್ಲಿಂದ ಬಯಲು, ರಸ್ತೆ, ಅದರಾಚೆಯ ಹೊಲಗಳ ತುದಿಯವರೆಗೂ ಕಾಣಿಸಿರಬೇಕು. ಅವಳು ಎರಡೂ ಕೈಯಲ್ಲಿ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಎಂಜಿನ್ನು ಗುಡುಗಿತು. "ನಿಧಾನ ಕಣೋ, ನಿಧಾನ!" ಎಂಬ ಕೂಗು ಕ್ಯಾಬಿನ್ನಿನೊಳಗಿಂದ ಕೇಳಿಬಂತು. ಟ್ಯಾಂಕರು ಇನ್ನೂ ಜಾಗ ಬಿಟ್ಟು ಕದಲಿರಲಿಲ್ಲ.